ನಂದಿಯ ಸೀಮೆಯ ಕಾಯಕವಂತ ಸ್ತ್ರೀಯರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯನ್ನು ಸೇರಿದ ಶಿವಶರಣೆಯರ ಹೆಸರುಗಳನ್ನು ಸಾವಧಾನವಾಗಿ ಓದುವವರಿಗೆ ಒಂದು ವಿಶೇಷವು ಗೋಚರಿಸದಿರದು. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಧೂಪದ ಗೊಗ್ಗವ್ವೆ ಎಂಬೀ ಹೆಸರುಗಳ ಮುಂದೆ ನಿಂತಿರುವುದು ಕುಲವಲ್ಲ, ಐಶ್ವರ್ಯವಲ್ಲ, ಕೈಯ ಕೆಲಸ. ಚೆಲ್ಲಿದ ಅಕ್ಕಿಯನ್ನು ಆಯ್ದವಳು, ಕದಿರಿನಲ್ಲಿ ನೂಲನ್ನು ತೆಗೆದವಳು, ಭತ್ತವನ್ನು ಕುಟ್ಟಿದವಳು, ಧೂಪವನ್ನು ಮಾರಿದವಳು, ಇವರನ್ನು ಶರಣರು ಆಯಾ ಕಾಯಕದ ಹೆಸರಿನಿಂದಲೇ ಗೌರವಿಸಿದರು. ಇವರ ವಚನಗಳು ಬಹುಕಾಲ ತಾಳೆಯ ಗರಿಗಳಲ್ಲಿ ಅಡಗಿದ್ದುವು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ಕಟ್ಟುಗಳನ್ನು ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ ಮೇಲೆಯೇ ವಚನಗಳನ್ನು ರಚಿಸಿದ ಮೂವತ್ತಕ್ಕೂ ಹೆಚ್ಚು ಶರಣೆಯರ ಹೆಸರುಗಳು ಲೋಕಕ್ಕೆ ಕ್ರಮವಾಗಿ ತಿಳಿದುಬಂದುವು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿಯೂ ಸ್ತ್ರೀಯರ ಕಾಯಕವು ಅಲ್ಪವಾದುದಲ್ಲ. ಆದರೆ ಇಲ್ಲಿಯ ಚರಿತ್ರೆಯಲ್ಲಿ ಕೆಲಸವು ಕಾಣುವುದೇ ಹೊರತು ಕೆಲಸ ಮಾಡಿದವಳ ಹೆಸರು ಕಾಣುವುದು ವಿರಳ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಪ್ರತ್ಯೇಕ ಜಿಲ್ಲೆಯಾದ ಈ ಪ್ರಾಂತದಲ್ಲಿ ಆ ಹೆಸರುಗಳು ಯಾವ ಪುಸ್ತಕದಲ್ಲಿ, ಯಾವಾಗ, ಯಾವ ಕಾರಣಕ್ಕಾಗಿ ದಾಖಲಾದುವೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಒಂದು ಹೆಸರಂತೂ ಬಹು ಪ್ರಾಚೀನಕಾಲದಲ್ಲಿಯೇ ಬರಹದಲ್ಲಿ ನಿಂತಿದೆ. ಚಿಕ್ಕಬಳ್ಳಾಪುರಕ್ಕೆ ಸಮೀಪದ ನಂದಿಯಲ್ಲಿರುವ ಭೋಗನಂದೀಶ್ವರನ ಆಲಯವನ್ನು ಬಾಣವಂಶದ ರಾಣಿ ರತ್ನಾವಳಿಯು ಕಟ್ಟಿಸಿದಳೆಂದು ಒಂಬತ್ತನೆಯ ಶತಮಾನದ ಆದಿಭಾಗದ ಶಾಸನಗಳಿಂದ ತಿಳಿದುಬರುತ್ತದೆ. ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ನಂಬಿದ ಶರಣರ ಸಂತತಿಯವರಿಗೆ ದೇಗುಲದ ವೈಭವವು ಮುಖ್ಯವಲ್ಲದಿರಬಹುದು. ಆದರೂ ಈ ಸೀಮೆಯ ಅತಿ ಹಳೆಯ ಶಿವಾಲಯಗಳಲ್ಲೊಂದು ಸ್ತ್ರೀಯೊಬ್ಬಳ ಸಂಕಲ್ಪದಿಂದ ಎದ್ದುದೆಂಬುದು ನೆನೆಯತಕ್ಕ ಮಾತು. ರಾಣಿಯಾದುದರಿಂದ ಅವಳ ಹೆಸರು ಉಳಿಯಿತು. ಕಲ್ಲನ್ನು ಹೊತ್ತ ಕೈಗಳ ಹೆಸರು ಉಳಿಯಲಿಲ್ಲ.

ಅಲ್ಲಿಂದ ಸಾವಿರ ವರ್ಷಗಳ ತರುವಾಯ, ಟೀಪುಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಇಂಗ್ಲಿಷರ ಕಂಪೆನಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ಸುತ್ತಿ ಕಂಡುದನ್ನೆಲ್ಲ ಬರೆದಿಟ್ಟನು. ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಯ ಪ್ರಶಸ್ತಿಯು ಅವನ ಗ್ರಂಥದಿಂದ ದೂರದೇಶಗಳಿಗೂ ಮುಟ್ಟಿತು. ಅದಕ್ಕಿಂತಲೂ ಗಮನಿಸತಕ್ಕುದು ಬೆಂಗಳೂರಿನ ಸುತ್ತಿನ ನೂಲಿನ ವ್ಯಾಪಾರವನ್ನು ಕುರಿತು ಅವನು ಬರೆದುದು. ಬ್ರಾಹ್ಮಣರನ್ನುಳಿದು ಮಿಕ್ಕ ಎಲ್ಲ ಜಾತಿಗಳ ಬಡ ಹೆಂಗಸರೂ ವಾರದ ಸಂತೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹತ್ತಿಯನ್ನು ಕೊಂಡು, ಮನೆಯಲ್ಲಿ ನೂತು, ಮರುಸಂತೆಯಲ್ಲಿ ಆ ನೂಲನ್ನು ನೇಯುವವರಿಗೆ ತಾವೇ ಮಾರುತ್ತಿದ್ದರೆಂದು ಅವನು ಹೇಳಿದ್ದಾನೆ. ಕೊಳ್ಳುವುದು, ಸರಕನ್ನು ತಯಾರಿಸುವುದು, ಮಾರುವುದು, ಲಾಭನಷ್ಟವನ್ನು ಲೆಕ್ಕ ಹಾಕುವುದು, ಈ ನಾಲ್ಕೂ ಒಬ್ಬಳ ಕೈಯಲ್ಲಿಯೇ ಇದ್ದುವು. ಅದನ್ನು ವ್ಯಾಪಾರವೆನ್ನದೆ ಬೇರೆ ಏನೆನ್ನಬೇಕು? ಕದಿರ ರೆಮ್ಮವ್ವೆಯ ಕಾಯಕವು ಆರುನೂರು ವರ್ಷಗಳು ಕಳೆದರೂ ಸಂತೆಯಲ್ಲಿ ಜೀವಂತವಾಗಿದ್ದಿತು. ಮುಂದೆ ವಿಲಾಯತಿಯ ಗಿರಣಿಯ ನೂಲು ಬಂದು, ಕದಿರು ಅಟ್ಟವನ್ನು ಸೇರಿತು. ಅದರೊಡನೆ ಹೆಂಗಸಿನ ಸೆರಗಿನ ಗಂಟಿನಲ್ಲಿದ್ದ ಸ್ವಂತದ ಕಾಸೂ ಕರಗಿತು.

ಆ ಸ್ಥಾನಕ್ಕೆ ಈ ಸೀಮೆಯಲ್ಲಿ ಬಂದುದು ರೇಷ್ಮೆ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಟೀಪುಸುಲ್ತಾನನು ಮೈಸೂರು ರಾಜ್ಯಕ್ಕೆ ತರಿಸಿದ ಈ ಕಸಬು ರೋಗರುಜಿನಗಳಿಂದ ಎರಡು ಮೂರು ಸಲ ನೆಲ ಕಚ್ಚಿ, ಮತ್ತೆ ಎದ್ದಿತು. 1896ರಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿ, ಜಪಾನಿನಿಂದ ಓಡ್ಜು ದಂಪತಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಹುಳು ಸಾಕುವ, ನೂಲು ತೆಗೆಯುವ ಹೊಸ ಕ್ರಮವನ್ನು ಕಲಿಸಿದರು. ಆ ದಂಪತಿಗಳಲ್ಲಿ ಹೆಂಡತಿಯು ಬರಹಗಳಲ್ಲಿ ಓಡ್ಜುವಿನ ಪತ್ನಿಯೆಂದೇ ಪ್ರಸಿದ್ಧಳು. ಅವಳ ಸ್ವದೇಶದಲ್ಲಿಯಾದರೋ, 1872ರಲ್ಲಿ ತೊಮಿಯೊಕದಲ್ಲಿ ಸರಕಾರವು ತೆರೆದ ರೇಷ್ಮೆಯ ಕಾರ್ಖಾನೆಯಲ್ಲಿ ಕೆಲಸ ಕಲಿತ ವಾಡಾ ಏ ಎಂಬ ಯುವತಿಯು ತನ್ನ ಅನುಭವವನ್ನು ತಾನೇ ಬರೆದಿಟ್ಟು ಹೆಸರನ್ನು ಉಳಿಸಿಕೊಂಡಳು. ಶಿಡ್ಲಘಟ್ಟದ ಸ್ತ್ರೀಯರಲ್ಲಿ ಅಂಥ ಬರಹವನ್ನು ಬಿಟ್ಟವರಿಲ್ಲ. ಬರೆಯಲು ಅವರಿಗೆ ಅಕ್ಷರವಾದರೂ ಎಲ್ಲಿ ದೊರೆತಿದ್ದಿತು?

ರೇಷ್ಮೆಯ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಅದರಲ್ಲಿ ಸ್ತ್ರೀಯ ಪಾಲೆಷ್ಟೆಂಬುದನ್ನು ಹೇಳಬೇಕಾದುದಿಲ್ಲ. ಮೊಟ್ಟೆಯೊಡೆದ ಮರಿಹುಳುಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವವಳು ಅವಳು. ಹುಳು ನಾಲ್ಕು ಸಲ ಮೇವನ್ನು ಬಿಟ್ಟು ಪೊರೆ ಕಳಚುತ್ತದೆ. ಇದನ್ನು ರೈತರು ‘ಜ್ವರ’ವೆನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳುವಿಗೆ ಮೇವನ್ನು ನಿಲ್ಲಿಸುವುದು, ಎದ್ದ ಹುಳುವಿಗೆ ಸಕಾಲದಲ್ಲಿ ಕೊಡುವುದು, ಹಿಕ್ಕೆಯನ್ನು ತೆಗೆದು ತಟ್ಟೆಯನ್ನು ಶುಚಿ ಮಾಡುವುದು, ಇವು ಇಪ್ಪತ್ತೈದು ದಿವಸಗಳಿಗೂ ಮೇಲ್ಪಟ್ಟು ಹಗಲಿರುಳು ನಡೆಯಬೇಕು. ನಾಲ್ಕನೆಯ ಜ್ವರದಿಂದೆದ್ದ ಮೇಲಂತೂ ಹುಳುವಿನ ಹಸಿವು ಹೇಳತೀರದು. ಒಟ್ಟು ಮೇವಿನ ಬಹುಪಾಲನ್ನು ಆ ಒಂದು ವಾರದಲ್ಲಿಯೇ ತಿನ್ನುತ್ತದೆ. ಹುಳುವಿನ ಮನೆಯೊಳಕ್ಕೆ ಪಾದರಕ್ಷೆ ಬರಕೂಡದು, ಹೊರಗಿನವರು ನುಗ್ಗಕೂಡದು. ಬಾಣಂತಿಯ ಕೋಣೆಗಿರುವ ಕಟ್ಟುಪಾಡುಗಳೆಲ್ಲ ಅದಕ್ಕೂ ಉಂಟು. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಬಿಡಿಸುವುದೂ ಹೆಚ್ಚಾಗಿ ಅವಳ ಕೈಯೇ. ಗೂಡು ಚೀಲಕ್ಕೆ ಬಿದ್ದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟಾಗ ಮಾತ್ರ ಗಾಡಿಯ ಮೇಲೆ ಕುಳಿತುಕೊಳ್ಳುವವನು ಗಂಡಸು. ರಾಮನಗರದೊಡನೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಆ ಸ್ಥಳದಲ್ಲಿ ಹರಾಜಿನ ಚೀಟಿಯನ್ನು ಹಿಡಿದ ಹೆಣ್ಣುಮಗಳು ಕಾಣುವುದು ಅಪರೂಪ.

ನೂಲು ಬಿಚ್ಚುವವರ ಪಾಡು ಇದಕ್ಕಿಂತ ಕಠಿನ. ಶಿಡ್ಲಘಟ್ಟದಲ್ಲಿ ಈ ಕಸಬಿನವರಲ್ಲಿ ಮುಸಲ್ಮಾನ ಕುಟುಂಬಗಳು ಹೆಚ್ಚು. ಬೆಂದ ಗೂಡುಗಳು ತೇಲುವ ಬಿಸಿನೀರಿನಲ್ಲಿ ಬೆರಳಾಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಹುಡುಕಿ, ಹಲವು ಎಳೆಗಳನ್ನು ಕೂಡಿಸಿ, ಕಡಿದುದನ್ನು ಕ್ಷಣದಲ್ಲಿ ಜೋಡಿಸುವ ಕೌಶಲವು ವರ್ಷಗಳ ಅಭ್ಯಾಸದಿಂದ ಬರತಕ್ಕುದು. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕಾಗುತ್ತದೆ. ಎಳೆಯು ತಪ್ಪಿದರೆ ಇನ್ನೂ ಹೆಚ್ಚು. ಎಂದರೆ ಯಜಮಾನನ ಲಾಭವು ಆ ಬೆರಳುಗಳ ತುದಿಯಲ್ಲಿಯೇ ಇದೆ. ಆ ಬೆರಳುಗಳಾದರೋ ನೀರಿನಲ್ಲಿ ನೆನೆದು ಬಿಳುಪೇರಿ, ಬೊಬ್ಬೆಯೆದ್ದು, ಚರ್ಮವು ಸುಲಿದು ಬರುತ್ತದೆ. ಉಗಿಯಿಂದಲೂ ಸತ್ತ ಹುಳುವಿನ ನಾತದಿಂದಲೂ ಉಬ್ಬಸ ಹತ್ತಿದವರು ಅನೇಕರು. ಹಳೆಯ ಚರಕಕ್ಕೆ ಎಳೆ ಹಿಡಿಯುವವರೊಬ್ಬರು, ಚಕ್ರ ತಿರುಗಿಸುವವರೊಬ್ಬರು ಬೇಕು. ಈ ಎರಡನೆಯ ಕೆಲಸವು ಬಹುಕಾಲ ಮಕ್ಕಳ ಪಾಲಿಗೆ ಬಿದ್ದಿದ್ದಿತು. ತಂದೆತಾಯಿಗಳು ಪಡೆದ ಮುಂಗಡದ ಸಾಲಕ್ಕಾಗಿ ಕರ್ನಾಟಕದ ರೇಷ್ಮೆಯ ಪಟ್ಟಣಗಳಲ್ಲಿ ಮಕ್ಕಳು ದುಡಿಯುತ್ತಿದ್ದುದನ್ನು 2003ರಲ್ಲಿ ಹೊರದೇಶದ ಮಾನವ ಹಕ್ಕುಗಳ ಸಂಸ್ಥೆಯೊಂದು ವರದಿ ಮಾಡಿ ಲೋಕದ ಮುಂದಿಟ್ಟಿತು. ರೇಷ್ಮೆಯ ಸೀರೆಯನ್ನುಟ್ಟು ಮಠಕ್ಕೆ ಬರುವ ತಾಯಂದಿರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿಯೇ ವಿದ್ಯೆಯ ಪ್ರಶ್ನೆಯು ಬರುತ್ತದೆ. ತಾಯಿಯ ಪಕ್ಕದಲ್ಲಿ ಚಕ್ರ ತಿರುಗಿಸುವ ಮಗಳು ಶಾಲೆಗೆ ಹೋಗುವುದೆಂತು? ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಯು 1881ರಲ್ಲಿ ಆರಂಭವಾದಾಗ ರಾಜ್ಯದಲ್ಲಿ ಓದು ಬಲ್ಲ ಸ್ತ್ರೀಯರು ನೂರಕ್ಕೆ ಒಬ್ಬಳೂ ಇರಲಿಲ್ಲ. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರಸ್ಥರ ಪ್ರಮಾಣವು ಶೇಕಡ 60ನ್ನು ಸ್ವಲ್ಪ ದಾಟಿದ್ದಿತು. ಈ ನಡುವೆ ಗೌರಿಬಿದನೂರಿನ ಕಡೆಗೆ ವಿದ್ಯೆಯು ಬಂದ ದಾರಿಯಲ್ಲಿ ಸ್ತ್ರೀಯೊಬ್ಬಳ ಉಪಕಾರವುಂಟು. ಆನಿ ಬೆಸೆಂಟರು 1917ರಲ್ಲಿ ಬೆಂಗಳೂರಿನಲ್ಲಿ ನ್ಯಾಷನಲ್ ಹೈಸ್ಕೂಲನ್ನು ತೆರೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬನು ಊರಿನಿಂದ ಕಾಲ್ನಡಿಗೆಯಲ್ಲಿಯೇ ಬೆಂಗಳೂರಿಗೆ ಹೋಗಿ ಆ ಶಾಲೆಯನ್ನು ಸೇರಿದನು. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರು. ತಾವು ನಡೆದ ದೂರವನ್ನು ಮುಂದಿನವರು ನಡೆಯಬಾರದೆಂದು ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳನ್ನು ಕಟ್ಟಿಸಿದರು. ಗಂಡುಮಗನಾದರೆ ನಡೆದಾದರೂ ಹೋದಾನು. ಹೆಣ್ಣುಮಗಳನ್ನು ಹಾಗೆ ಕಳುಹಿಸುವ ಮನೆ ಎಷ್ಟಿದ್ದುವು? ಕಾಲೇಜು ತಾಲ್ಲೂಕಿಗೇ ಬಂದುದರ ಹೆಚ್ಚಿನ ಫಲವು ಹೆಣ್ಣುಮಕ್ಕಳಿಗೇ ಸಂದಿತೆನ್ನಬೇಕು.

ವೈದ್ಯದ ವಿಷಯದಲ್ಲಿ ಚಿಕ್ಕಬಳ್ಳಾಪುರಕ್ಕೆ ಲಂಡನ್ ಮಿಷನ್ನಿನವರ ಆಸ್ಪತ್ರೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದಿತು, ಇಂದು ಸಿ. ಎಸ್. ಐ. ಆಸ್ಪತ್ರೆಯೆಂದು ಕರೆಯುವುದು ಅದನ್ನೇ. ಮೈಸೂರು ಸರಕಾರವು 1930ರಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿ ಲೋಕದಲ್ಲಿಯೇ ಮೊದಲಿಗನೆನಿಸಿತು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾಗಿ ತೆರೆಯಿತು. ಆದರೆ ಹಳ್ಳಿಯ ಗುಡಿಸಲಿನಲ್ಲಿ ನಡುರಾತ್ರಿಯಲ್ಲಿ ನೋವು ಬಂದವಳಿಗೆ ಆಸ್ಪತ್ರೆಯು ದೂರ, ಸೂಲಗಿತ್ತಿಯು ಹತ್ತಿರ. ಗೌರಿಬಿದನೂರಿಗೆ ಪಡುವಲ ಸೀಮೆಯಾದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಏಳು ದಶಕಗಳ ಅವಧಿಯಲ್ಲಿ ಹದಿನೈದು ಸಾವಿರಕ್ಕೂ ಮೀರಿದ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ಪ್ರತಿಫಲವನ್ನು ಬೇಡಿದವರಲ್ಲ. ಓದು ಬರಹವನ್ನರಿಯದ ಆ ತಾಯಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನೂ ಕೊಟ್ಟುವು. ಅದೇ ವರ್ಷದ ಡಿಸೆಂಬರ್ 25ರಂದು ಲಿಂಗೈಕ್ಯರಾದವರಂತೆ ಶಾಂತರಾಗಿ ಕಣ್ಮುಚ್ಚಿದ ಅವರನ್ನು ನಾಡು ನೆನೆಯುವುದು ಸೂಲಗಿತ್ತಿ ನರಸಮ್ಮನೆಂದೇ. ಕಾಯಕವೇ ಹೆಸರಿನ ಮುಂದೆ ನಿಂತ ಶರಣೆಯರ ಪಂಕ್ತಿಗೆ ಇದೂ ಒಂದು ಸೇರತಕ್ಕುದು.

ಮಿಕ್ಕ ಸ್ತ್ರೀಯರ ಹೆಸರು ಪುಸ್ತಕಕ್ಕೆ ಏರಿದುದು ಉಳಿತಾಯದ ಸಂಘಗಳ ಮೂಲಕ. ಹಾಲಿನ ಡೇರಿಯ ಲೆಕ್ಕದಲ್ಲಿ ಕೆಲವರ ಹೆಸರು ಮೊದಲೇ ಬಂದಿದ್ದಿತು. 2000ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಿಂದ ಹದಿನೈದಿಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಕೂಡಿ, ಕೂಲಿಯಲ್ಲಿ ಉಳಿಸಿದುದನ್ನು ಒಟ್ಟುಮಾಡಿ, ಸರದಿಯಂತೆ ಸಾಲ ಪಡೆದು, ಹಸುವನ್ನೋ ಹೊಲಿಗೆಯ ಯಂತ್ರವನ್ನೋ ಕೊಂಡರು. ಬ್ಯಾಂಕಿಗೆ ಹೋಗಿ ಸಹಿ ಹಾಕಲೇಬೇಕಾದುದರಿಂದ ಹೆಬ್ಬೆಟ್ಟಿನವರು ಹೆಸರು ಬರೆಯುವುದನ್ನು ಕಲಿತರು. ಶಾಲೆಯು ಮಾಡದಿದ್ದುದನ್ನು ಸಾಲದ ಪುಸ್ತಕವು ಮಾಡಿತು.

ಅದೇ ಪುಸ್ತಕವು ಉರುಳಾದುದೂ ಉಂಟು. ಸಂಘಗಳ ಜಾಡನ್ನು ಹಿಡಿದು ಲಾಭಕ್ಕಾಗಿ ಸಾಲ ಕೊಡುವ ಖಾಸಗಿ ಕಂಪೆನಿಗಳು ರೇಷ್ಮೆಯ ಪಟ್ಟಣಗಳಿಗೆ ಬಂದುವು. ಒಬ್ಬಳಿಗೇ ಎರಡು ಮೂರು ಕಂಪೆನಿಗಳ ಸಾಲ, ವಾರವಾರವೂ ಕಂತು. ಚೀನಾದ ನೂಲಿನ ಪೈಪೋಟಿಯಿಂದ ರೇಷ್ಮೆಗೆ ಪೆಟ್ಟು ಬಿದ್ದಿರಲು, ಕಂತು ಕಟ್ಟಲಾಗದೆ ಮನೆಮನೆಯಲ್ಲಿಯೂ ಸಂಕಟವಾಯಿತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ ಮೊದಲಾದೆಡೆಗಳಲ್ಲಿ ಸಮಾಜದ ಮುಖಂಡರು ಸೇರಿ ಸಾಲವನ್ನು ಮರಳಿ ಕಟ್ಟಕೂಡದೆಂದು ವಿಧಿಸಿದರು. ಅದರಿಂದ ತತ್ಕಾಲಕ್ಕೆ ಉಸಿರಾಡುವಂತಾದುದು ದಿಟ. ಆದರೆ ಸಾಲವನ್ನು ಪಡೆದವರು ಹೆಂಗಸರು, ಕಟ್ಟಬೇಡವೆಂದು ನಿರ್ಣಯಿಸಿದವರು ಗಂಡಸರು, ಮುಂದೆ ಸಾಲ ಹುಟ್ಟದೆ ಕೈ ಕಟ್ಟಿಹೋದವರು ಮತ್ತೆ ಹೆಂಗಸರೇ. ಮನೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಮಾರಯ್ಯನು ಅಕ್ಕಿಯನ್ನು ತಂದಾಗ ಅದನ್ನು ಹಿಂದಕ್ಕೆ ಸುರಿದು ಬಾರೆಂದು ಹೇಳುವ ಅಧಿಕಾರವು ಆಯ್ದಕ್ಕಿ ಲಕ್ಕಮ್ಮನಿಗಿದ್ದಿತು. ಎಷ್ಟು ಸಾಕು, ಎಷ್ಟು ಬೇಡವೆಂಬುದನ್ನು ನಿಶ್ಚಯಿಸುವ ಆ ಅಧಿಕಾರವೇ ಇಲ್ಲಿ ಇಲ್ಲದೆ ಹೋದುದು.

ಈಗ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆಯನ್ನು ಕೂಗಿ ಕಟ್ಟುವ ಪದ್ಧತಿಯು ಹೋಗಿ, ಯಂತ್ರದ ಮೂಲಕ ಹರಾಜು ನಡೆಯುತ್ತದೆ. ಹಣವು ರೈತರ ಬ್ಯಾಂಕಿನ ಖಾತೆಯನ್ನು ಸೇರುತ್ತದೆ. ರೈತರೆಂದರೆ ಯಾರು? ಪಹಣಿಯಲ್ಲಿ ಹೆಸರಿದ್ದವರು. ಮೈಸೂರು ರಾಜ್ಯವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿದ್ದಿತು. 1994ರಲ್ಲಿ ಕರ್ನಾಟಕವು ಒಟ್ಟುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಗಂಡುಮಗನ ಸಮಾನವಾದ ಪಾಲನ್ನು ಕೊಟ್ಟಿತು. 2005ರಲ್ಲಿ ಅದೇ ನ್ಯಾಯವು ದೇಶಕ್ಕೆಲ್ಲ ಸಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೂ ಮದುವೆಯ ಖರ್ಚಿನಲ್ಲಿಯೇ ಪಾಲು ಸಂದಿತೆಂದು ಹೇಳಿ, ಅಣ್ಣತಮ್ಮಂದಿರ ಹೆಸರಿಗೆ ಬಿಟ್ಟುಕೊಡುವ ಪತ್ರಕ್ಕೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವ ವಾಡಿಕೆಯು ಈ ಸೀಮೆಯ ಮನೆಗಳಲ್ಲಿ, ಭಕ್ತರ ಮನೆಗಳಲ್ಲಿಯೂ, ನಿಂತಿಲ್ಲ. ಸಂಘದ ಪುಸ್ತಕಕ್ಕಾಗಿ ಕಲಿತ ಅಕ್ಷರಗಳಲ್ಲಿಯೇ ಆ ಪತ್ರದ ಕೆಳಗೂ ಅವಳು ತನ್ನ ಹೆಸರನ್ನು ಬರೆಯುತ್ತಾಳೆ.