ಕಂಪ್ಯೂಟರಿನೊಳಗೆ ಫ್ರಿಜ್ಜಿನ ಕಂಪ್ರೆಸರ್

ಪ್ರೊಸೆಸರನ್ನು ನಿಗದಿತ ವೇಗ ಮೀರಿ ಓಡಿಸುವ ಹವ್ಯಾಸಕ್ಕೆ ಫ್ರಿಜ್ಜಿನ ಕಂಪ್ರೆಸರ್ ಜೊತೆಯಾದದ್ದು 1990ರ ದಶಕದ ಕೊನೆಯಲ್ಲಿ. ಅಮೆರಿಕದ ದಕ್ಷಿಣ ಕೆರೊಲಿನಾದ ಕ್ರಯೋಟೆಕ್ ಕಂಪನಿ ಎಎಂಡಿಯ ಅಥ್ಲಾನ್ ಚಿಪ್ಪನ್ನು ಕಂಪ್ರೆಸರಿನಿಂದ ತಣಿಸಿ 2000ದ ಆರಂಭದಲ್ಲೇ 1 ಗಿಗಾಹರ್ಟ್ಸ್ ಯಂತ್ರವನ್ನು ಮುಂದಿಟ್ಟಿತು. ಎಎಂಡಿಯ ಸ್ವಂತ 1 ಗಿಗಾಹರ್ಟ್ಸ್ ಚಿಪ್ ಬಂದದ್ದು ಆ ವರ್ಷದ ಮಾರ್ಚ್‌ನಲ್ಲಿ. ಅದೇ ಸುಮಾರಿಗೆ ಡೆನ್ಮಾರ್ಕಿನ ಅಸೆಟೆಕ್ ಕಂಪನಿಯ, ಕಂಪ್ರೆಸರ್ ಅಳವಡಿಸಿದ ವೇಪೋಚಿಲ್ ಪೆಟ್ಟಿಗೆಯೂ ಮಾರುಕಟ್ಟೆಗೆ ಬಂತು.

ದೊಡ್ಡ ತೊಡಕು ಇದ್ದದ್ದು ಸ್ವಿಚ್ ಒತ್ತಿದ ಮೊದಲ ಕೆಲವು ನಿಮಿಷಗಳಲ್ಲಿ. ಚಿಪ್ಪಿನ ಮೇಲೆ ಕುಳಿತು ಶಾಖ ಹೀರುವ ತಾಮ್ರದ ಇವ್ಯಾಪೊರೇಟರ್ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಚಿಪ್ ಕಾಯಲು ಕೆಲವೇ ಸೆಕೆಂಡು ಸಾಕು. ಮೊದಲ ಅಥ್ಲಾನ್‌ಗಳಿಗೋ, ಅತಿಯಾಗಿ ಕಾದಾಗ ತಾವೇ ನಿಲ್ಲುವ ಬುದ್ಧಿಯೂ ಇರಲಿಲ್ಲ. ಹಾಗಾಗಿ ವೇಪೋಚಿಲ್‌ನ ನಿಯಂತ್ರಕ ಮೊದಲು ಕಂಪ್ರೆಸರ್ ಓಡಿಸಿ, ಬೇಕಾದಷ್ಟು ತಂಪಾದ ಮೇಲಷ್ಟೇ ಮದರ್‌ಬೋರ್ಡ್‌ಗೆ ಚಾಲನೆ ಕೊಡುತ್ತಿತ್ತು. ಜಾಣ ಉಪಾಯ.

ಇಂಥ ವ್ಯವಸ್ಥೆಯನ್ನು ಮನೆಯಲ್ಲೇ ಕಟ್ಟಿಕೊಂಡವರಿಗೆ ಈ ಕಾವಲು ಇರಲಿಲ್ಲ. ಆಫ್ ಮಾಡಿದ ಕೂಡಲೇ ಮತ್ತೆ ಆನ್ ಮಾಡಿದರೆ ಕೊಳವೆಗಳ ಒತ್ತಡ ಸಮವಾಗಿರದೆ ಕಂಪ್ರೆಸರ್ ತಿರುಗದು, ಓವರ್‌ಲೋಡ್ ಸ್ವಿಚ್ ಬೀಳುತ್ತದೆ. ಫ್ಯಾನಿನ ಸದ್ದು ಕೇಳುತ್ತಿರುವಾಗಲೇ ಚಿಪ್ ಬೇಯುತ್ತದೆ. ಕೆಲವು ನಿಮಿಷ ಬಿಡುವುದೇ ಇದಕ್ಕೆ ಮದ್ದು. ಕಂಪ್ರೆಸರ್ ಓಡುತ್ತಿದ್ದರೂ ಇವ್ಯಾಪೊರೇಟರ್ ತಣ್ಣಗಾಗದಿದ್ದರೆ ಗ್ಯಾಸ್ ಸೋರಿರುವ ಅನುಮಾನ. ಇವ್ಯಾಪೊರೇಟರ್ ತಣ್ಣಗಿದ್ದೂ ಚಿಪ್ ಕಾದರೆ ಎರಡರ ನಡುವೆ ಶಾಖ ದಾಟಿಸುವ ಪೇಸ್ಟ್ ಸರಿಯಾಗಿ ಕೂತಿಲ್ಲ. ಚೆನ್ನಾಗಿ ತಂಪಾಗಿ ಆಮೇಲೆ ಕಾವೇರಿದರೆ ಗ್ಯಾಸ್ ಹಾಯುವ ಸಣ್ಣ ಕ್ಯಾಪಿಲರಿ ಕೊಳವೆಯೊಳಗೆ ತೇವಾಂಶ ಹೆಪ್ಪುಗಟ್ಟಿರಬಹುದು.