ವಸಂತನರಸಾಪುರದ ಹೆದ್ದಾರಿ: 4ರಿಂದ 48ಕ್ಕೆ

ನಿಮ್ಮ ಮುಂದಿರುವುದು ತುಮಕೂರಿನಿಂದ ಶಿರಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48. ದೇಶದ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆ ಕೊಡುವ ತನಕ ಇದು ಹೆದ್ದಾರಿ 4 ಆಗಿತ್ತು. ಮುಂಬೈ ಸಮೀಪದಿಂದ ಹೊರಟು ಪುಣೆ, ಬೆಳಗಾವಿ, ಚಿತ್ರದುರ್ಗ, ತುಮಕೂರು, ಬೆಂಗಳೂರು ದಾಟಿ, ಕೋಲಾರ–ಚಿತ್ತೂರಿನ ಹಾದಿಯಲ್ಲಿ ಚೆನ್ನೈ ಸೇರುತ್ತಿತ್ತು. ಈಗ ಇದರ ಉತ್ತರದ ತುದಿ ದೆಹಲಿ. ದಕ್ಷಿಣದ ತುದಿ ಚೆನ್ನೈಯೇ ಆದರೂ ಬೆಂಗಳೂರಿನಾಚೆ ದಾರಿ ಹೊಸೂರು–ಕೃಷ್ಣಗಿರಿ ಕಡೆಗೆ ತಿರುಗಿದೆ. ಹಳೆಯ 4 ಎಂಬ ಅಂಕಿ ಅಂಡಮಾನಿನ ರಸ್ತೆಗೆ ಹೋಯಿತು.

ರಸ್ತೆ ಅದೇ ಇದೆ, ಬದಲಾದದ್ದು ಬರೀ ಅಂಕಿ ಎನ್ನುವವರಿದ್ದಾರೆ. ಇಲ್ಲಿ ನಿಂತು ನೋಡಿದರೆ ಹಾಗೆನಿಸುವುದು ಸಹಜ, ಆದರೆ ಆ ಮಾತು ಅರ್ಧ ಮಾತ್ರ ನಿಜ. ಹೊಸ ಪದ್ಧತಿಯಲ್ಲಿ ಉತ್ತರ–ದಕ್ಷಿಣದ ಹೆದ್ದಾರಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮದ್ದಕ್ಕೆ ಬೆಸಸಂಖ್ಯೆ. ಅಂಕಿಯೇ ದಿಕ್ಕು ಹೇಳುತ್ತದೆ. ಇದೇ ಜಿಲ್ಲೆಯ ಕುಣಿಗಲ್ ಮೂಲಕ ಮಂಗಳೂರಿಗೆ ಹೋಗುವ ರಸ್ತೆಗೆ ಮೊದಲು 48 ಎಂಬ ಸಂಖ್ಯೆಯಿತ್ತು. ಅದೀಗ 75 ಆಗಿ, ಹೆದ್ದಾರಿ 4 ಕೈಬಿಟ್ಟ ಕೋಲಾರದ ರಸ್ತೆಯನ್ನೂ ಸೇರಿಸಿಕೊಂಡು ವೆಲ್ಲೂರಿನವರೆಗೆ ಹೋಗುತ್ತದೆ. ಊರಿನ ಬಳಿಯಂತೂ ರಸ್ತೆಯೇ ಸ್ಥಳ ಬದಲಿಸಿದೆ: ತುಮಕೂರು ಪೇಟೆಯನ್ನು ಹಾಯುತ್ತಿದ್ದ ಹೆದ್ದಾರಿ ಬೈಪಾಸ್ ಹಿಡಿದು ಹೊರಗೆ ಸರಿದಿದೆ. ಪೇಟೆಯಿಂದ ಗುಬ್ಬಿ ಕಡೆಗೆ ಸಾಗುವ ಬಿ.ಎಚ್. ರಸ್ತೆಯ ಹೆಸರಿನಲ್ಲಿ ಮಾತ್ರ ಬೆಂಗಳೂರು–ಹೊನ್ನಾವರ ಎಂಬ ಹಳೆಯ ಎರಡು ತುದಿಗಳೂ ಉಳಿದಿವೆ.

ಹೆದ್ದಾರಿಯಂಚಿನ ಕಿಲೋಮೀಟರ್ ಕಲ್ಲನ್ನು ಗಮನಿಸಿ: ಹಳದಿ ತಲೆಯಿದ್ದರೆ ಅದು ರಾಷ್ಟ್ರೀಯ ಹೆದ್ದಾರಿಯ ಕಲ್ಲು.