ನೋಂದಣಿಯಿಂದ ಹೊಣೆಗಾರಿಕೆಗೆ: ಕೊಪ್ಪಳ ಸೀಮೆಯಲ್ಲಿ ಮಾಲೀಕನ ಕರ್ತವ್ಯ

ದುಡಿಯುವ ಸ್ಥಳದಲ್ಲಿ ಒಬ್ಬರ ಲೈಂಗಿಕ ಒಲವನ್ನಾಗಲಿ ಲಿಂಗಭಾವವನ್ನಾಗಲಿ ಹಿಡಿದು ಕಿರುಕುಳ ಕೊಟ್ಟಾಗ ಉತ್ತರ ಹೇಳಬೇಕಾದವರು ಯಾರು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಸಂಬಂಧಿಸಿದಂತೆ ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರವು ಒಂದು ಶತಮಾನದಲ್ಲಿ ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1956ರಲ್ಲಿ ಮೈಸೂರು ರಾಜ್ಯವನ್ನು ಸೇರುವ ಮೊದಲು ಈ ಸೀಮೆಯು ಹೈದರಾಬಾದಿಗೆ ಸೇರಿತ್ತು. ಅಲ್ಲಿಯ ನಿಜಾಮರ ಸರಕಾರವು ಫಸಲಿ 1329ರಲ್ಲಿ, ಎಂದರೆ ಕ್ರಿ. ಶ. 1919ರ ಸುಮಾರಿಗೆ, ನಪುಂಸಕರೆಂದು ಕರೆಯಲ್ಪಟ್ಟವರನ್ನು ಕುರಿತು ಒಂದು ಕಾಯಿದೆಯನ್ನು ಮಾಡಿತು. ರಾಜಧಾನಿಯಲ್ಲಿಯೂ ಸರಕಾರ ಗೊತ್ತುಪಡಿಸಿದ ಇತರ ಸ್ಥಳಗಳಲ್ಲಿಯೂ ಅಂಥವರ ಹೆಸರುಗಳನ್ನು ದಾಖಲಿಸಬೇಕಾಗಿತ್ತು. ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಬಂಧಿಸಬಹುದಾಗಿತ್ತು. ಹಾಡು ಕುಣಿತಗಳೇ ಅವರಲ್ಲಿ ಅನೇಕರ ಜೀವನೋಪಾಯವಾಗಿದ್ದುದರಿಂದ, ಈ ಕಾಯಿದೆಯು ಅವರ ದುಡಿಮೆಯನ್ನೇ ಅಪರಾಧವನ್ನಾಗಿಸಿತೆನ್ನಬೇಕು. ತೆಲಂಗಾಣದ ಉಚ್ಚ ನ್ಯಾಯಾಲಯವು ಇದನ್ನು ರದ್ದುಪಡಿಸಿದ್ದು 2023ರಲ್ಲಿ.

ರಾಜ್ಯಶಾಸನ ಹೀಗಿದ್ದರೂ ಜನರ ನಂಬಿಕೆ ಬೇರೆಯಾಗಿತ್ತು. ಕೊಪ್ಪಳ ತಾಲ್ಲೂಕಿನ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪಗಳಿಗೆ ಸ್ಥಾನವುಂಟು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರು ಈ ಪರಂಪರೆಯವರೇ. ಆದರೆ ದೇವಿಯ ಹೆಸರಿನಲ್ಲಿ ದೊರೆತದ್ದು ಭಿಕ್ಷೆ ಮತ್ತು ಭಕ್ತಿ, ಕೂಲಿಯಲ್ಲ, ಸಂಬಳವಲ್ಲ. ಮಾಲೀಕನೇ ಇಲ್ಲದ ಜೀವನೋಪಾಯದಲ್ಲಿ ಮಾಲೀಕನ ಹೊಣೆಯ ಪ್ರಶ್ನೆಯೇ ಹುಟ್ಟಲಿಲ್ಲ.

ಆ ಹೊಣೆಯ ಕಲ್ಪನೆ ಸ್ಪಷ್ಟವಾದದ್ದು 1997ರಲ್ಲಿ, ವಿಶಾಖಾ ಪ್ರಕರಣದ ತೀರ್ಪಿನಿಂದ. ರಾಯಚೂರಿನಿಂದ ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಿದ ವರ್ಷವೂ ಅದೇ. ಮಹಿಳೆಯರಿಗೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವಾಗದಂತೆ ತಡೆಯುವುದು ಮಾಲೀಕನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 2013ರ ಕಾಯಿದೆಯು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿಯನ್ನೂ, ಚಿಕ್ಕ ಸಂಸ್ಥೆಗಳಿಗಾಗಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಯನ್ನೂ ವಿಧಿಸಿತು. ಗಂಗಾವತಿಯ ಅಕ್ಕಿ ಗಿರಣಿಗಳೂ ಇದರ ವ್ಯಾಪ್ತಿಗೆ ಬಂದವು. ಆರೋಪಿಯು ದೂರುದಾರಳಂತೆ ಸ್ತ್ರೀಯೇ ಆಗಿದ್ದರೂ ದೂರು ನಿಲ್ಲುವುದೆಂದು 2020ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯವು ಹೇಳಿತು. ಆದರೆ ಪುರುಷನಿಗೆ ಈ ಕಾಯಿದೆಯಡಿ ದೂರು ಕೊಡುವ ಹಕ್ಕು ದೊರೆಯಲಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತ 2019ರ ಕಾಯಿದೆಯು ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಸರಕಾರಿ, ಖಾಸಗಿ ಎನ್ನದೆ ಪ್ರತಿಯೊಂದು ಸಂಸ್ಥೆಯೂ ನೇಮಕ, ಬಡ್ತಿ ಮೊದಲಾದವುಗಳಲ್ಲಿ ಭೇದವೆಣಿಸಬಾರದು, ದೂರು ಕೇಳಲು ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು ಎಂದು ಅದು ವಿಧಿಸಿತು. ಹಿಂದೆ ನೊಂದವರ ಹೆಸರು ಪೊಲೀಸರ ಪುಸ್ತಕದಲ್ಲಿರಬೇಕಾಗಿತ್ತು. ಈಗ ಉತ್ತರ ಹೇಳುವವರ ಹೆಸರು ಸಂಸ್ಥೆಯಲ್ಲಿ ಗೊತ್ತಿರಬೇಕಾಯಿತು.

ಆದರೂ ಒಂದು ಕೊರತೆ ಉಳಿದಿದೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮ್ಮತಿಯುಳ್ಳ ವಯಸ್ಕರ ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ ಲೈಂಗಿಕ ಒಲವಿನ ಕಾರಣಕ್ಕೆ ನಡೆಯುವ ಕಿರುಕುಳಕ್ಕೆ ಖಾಸಗಿ ಮಾಲೀಕನನ್ನು ಹೊಣೆಮಾಡುವ ಪ್ರತ್ಯೇಕ ಕಾಯಿದೆಯನ್ನು ಆ ತೀರ್ಪು ಒದಗಿಸಲಿಲ್ಲ. ಮಾಲೀಕನೇ ಪೀಡಕನಾಗಬಹುದೆಂಬುದಕ್ಕೆ ಅಲಿಗಢದ ನಿದರ್ಶನ ಸಾಕು. ಅಲ್ಲಿಯ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ಮನೆಗೆ 2010ರಲ್ಲಿ ಕೆಲವರು ನುಗ್ಗಿ ಚಿತ್ರೀಕರಿಸಿದಾಗ, ವಿಶ್ವವಿದ್ಯಾಲಯವು ಅಮಾನತುಗೊಳಿಸಿದ್ದು ಅವರನ್ನೇ. ಅಲಹಾಬಾದಿನ ಉಚ್ಚ ನ್ಯಾಯಾಲಯವು ಅಮಾನತಿಗೆ ತಡೆಯಾಜ್ಞೆ ನೀಡಿದ ಕೆಲವೇ ದಿನಗಳಲ್ಲಿ ಅವರು ಮೃತರಾದರು.

ಕಾಲೇಜೂ ಒಂದು ಕೆಲಸದ ಸ್ಥಳವೆಂಬುದನ್ನು ಈ ಪ್ರಸಂಗ ನೆನಪಿಸುತ್ತದೆ. ಶಾಸನ ಬರುವವರೆಗೆ ಕಾಯದೆ, ಲೈಂಗಿಕ ಒಲವನ್ನು ಹೆಸರಿಸಿ ಸೇವಾನಿಯಮಗಳಲ್ಲಿ ಒಂದು ವಾಕ್ಯವನ್ನು ಸೇರಿಸಲು ಆಡಳಿತ ಮಂಡಲಿಗಳಿಗೆ ಅಡ್ಡಿಯಿಲ್ಲ. ನಮ್ಮ ಸೀಮೆಯ ವಿದ್ಯಾಸಂಸ್ಥೆಗಳು ಆ ಕೆಲಸವನ್ನು ಮೊದಲು ಕೈಗೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.